ಕೊರಳಲ್ಲಿ ಟೇಪಿದ್ದ ಚಿತ್ರಗಾರ

ಸಮೀಉಲ್ಲಾ ಭಾಯಿ ರಾಯಚೂರಿನ ತೀನ್ ಕಂದೀಲ್ ಹತ್ತಿರದ ದರ್ಜಿ. ಕೈ ಬಲು ಚುರುಕು, ಮನಸ್ಸಿನದು ಮಾತ್ರ ಖಾತ್ರಿ ಇಲ್ಲ. ಹೊಲಿಯುತ್ತ ಹೊಲಿಯುತ್ತ ಎದುರಿನ ಗೋಡೆಯ ಮೇಲೆ ಬಿಸಿಲು ಇಳಿಯುವುದು ಕಣ್ಣಿಗೆ ಬಿತ್ತೋ, ಮಷಿನ್ನು ನಿಂತುಬಿಡುತ್ತದೆ. ಆಮೇಲೆ ಗಿರಾಕಿ ಎಷ್ಟು ಕೆಮ್ಮಿದರೂ ಪ್ರಯೋಜನವಿಲ್ಲ. ನನ್ನ ರವಿಕೆಯೊಂದಕ್ಕೆ ಎರಡೂ ಎಡಗೈ ತೋಳು ಹಚ್ಚಿಕೊಟ್ಟ ಪುಣ್ಯಾತ್ಮರು ಅವರು. ಕೇಳಿದರೆ, “ಅವತ್ತ ಮೋಡ ಭಾಳ ಚಂದ ಇದ್ವು ಮೌನೇಶ್ವರಿ ಅಕ್ಕಾರ” ಅಂದರು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ನಮ್ಮ ಸ್ನೇಹ ಬೆಳೆದದ್ದು ಅಯ್ಯಣ್ಣ ಮಾಸ್ತರರ ಮಾಳಿಗೆಯ ಮೇಲೆ. ನಿವೃತ್ತಿಯಾದ ಮೇಲೂ ಸುಮ್ಮನಿರಲಾರದ ಈ ಡ್ರಾಯಿಂಗ್ ಮಾಸ್ತರರು ಭಾನುವಾರ ಅಲ್ಲಿ ತರಗತಿ ನಡೆಸುತ್ತಾರೆ. ಕಲಿಯುವ ನಾವೆಲ್ಲ ತಲೆ ನೆರೆತವರು. ತಿಂಗಳಿಗೊಮ್ಮೆ ನಮ್ಮನ್ನು ಹೊರಗೆ ಕರೆದೊಯ್ಯುತ್ತಾರೆ: ಕೋಟೆಗೆ, ಮಾನ್ವಿಯ ಗುಡ್ಡಕ್ಕೆ, ದೇವದುರ್ಗದ ಕಡೆ ಕೃಷ್ಣೆಯ ದಂಡೆಗೆ. ಪೆನ್ಸಿಲನ್ನು ಕೈಯುದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ ಮೊದಲು ಅಳತೆ ನೋಡಬೇಕೆಂಬುದು ಮಾಸ್ತರರ ಪಾಠ. ದರ್ಜಿಗೆ ಅದು ನೀರು ಕುಡಿದಷ್ಟು ಸಲೀಸು. ಭಾಯಿ ಬಂಡೆ ಬರೆದರು, ನೆರಳು ಬರೆದರು, ನದಿಯ ಮೇಲಿನ ಮಂಜು ಬರೆದರು. ಮನುಷ್ಯರನ್ನು ಮಾತ್ರ ಬರೆಯಲಿಲ್ಲ. “ಮಂದಿ ಅಲಗಾಡ್ತಾರ್ರಿ” ಎಂಬುದು ಅವರ ತಕರಾರು.

ಒಮ್ಮೆ ಕಲಬುರಗಿಗೆ ಚಿತ್ರ ಪ್ರದರ್ಶನ ನೋಡಲು ಹೋಗಿದ್ದೆವು. ಅಲ್ಲಿ ಖಾಲಿ ಓಣಿಯ ಚಿತ್ರವೊಂದಿತ್ತು. ಅದರ ಮುಂದೆ ನಿಂತ ಭಾಯಿ, ಕಾವಲುಗಾರ ದೀಪ ಆರಿಸುವ ತನಕ ಕದಲಲಿಲ್ಲ. ಬಸ್ಸಿನಲ್ಲಿ ಬರುವಾಗಲೂ ಕಿಟಕಿಯ ಗಾಜಿನಲ್ಲಿ ಅದೇ ಓಣಿ ಕಾಣುತ್ತಿತ್ತಂತೆ. ಅಂಥದೊಂದನ್ನು ಬರೆದು ಮಾಸ್ತರರ ವಾರ್ಷಿಕ ಪ್ರದರ್ಶನದಲ್ಲಿ ತೂಗುಹಾಕಬೇಕೆಂಬ ಹುಚ್ಚು ಅಂದೇ ಹಿಡಿಯಿತು.

ಮುಂದಿನ ಸಲ ನಾವು ಹೋದದ್ದು ಮಾನ್ವಿ ತಾಲ್ಲೂಕಿನ ಮಲ್ಲಟಕ್ಕೆ. ನಾವೆಲ್ಲ ಗುಡಿಯ ಕಡೆ ನಡೆದರೆ ಭಾಯಿ ಒಂದು ಓಣಿಯಲ್ಲೇ ಉಳಿದುಬಿಟ್ಟರು. ಅಲ್ಲೊಂದು ಮನೆ, ಮನೆಯ ಮುಂದೆ ಓಣಿಗೆ ಚಾಚಿದ, ಚಪ್ಪಡಿಯಂಥ ಪರಸಿ ಕಲ್ಲಿನ ಕಟ್ಟೆ, ಅದರ ಮೇಲೆ ಬೇವಿನ ನೆರಳು. ಗಾಳಿ ಬೀಸಿದಾಗ ಕಟ್ಟೆಯೇ ಮೆಲ್ಲಗೆ ತೇಲಿದಂತೆ ಕಾಣುತ್ತಿತ್ತೆಂದು ಅವರು ಇಂದಿಗೂ ಹೇಳುತ್ತಾರೆ.

ಆ ಕಟ್ಟೆ ಕನಕಮ್ಮನದು. ಕೂಲಿ ಮಾಡಿ ಮಾಡಿ ಅವಳ ಮೊಣಕಾಲು ಹೋಗಿದ್ದವು. ಅವಳು ಎಲ್ಲಿಗೂ ಹೋಗಲಾರಳು. ಸಂಜೆಯಾದರೆ ಓಣಿಯ ಹೆಂಗಸರೇ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಅವಳ ಪಾಲಿನ ಊರೆಂದರೆ ಅಷ್ಟೇ. ಆದರೆ ಹಿಂದಿನ ವಾರ ಊರಿನ ದೊಡ್ಡ ರಸ್ತೆಯನ್ನು ಅಗಲ ಮಾಡಲೆಂದು ಅಧಿಕಾರಿಗಳು ಬಂದು, ಟೇಪು ಹಿಡಿದು, ಕೆಂಪು ಗುರುತು ಹಾಕಿ ಹೋಗಿದ್ದರು. ಮುಂದೆ ಚಾಚಿದ್ದನ್ನು ತಾವಾಗಿ ತೆಗೆಸದಿದ್ದರೆ ಗೋಡೆಯನ್ನೂ ಕೆಡವುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು.

ಇಂಥ ಹೊತ್ತಿನಲ್ಲಿ ನಮ್ಮ ಭಾಯಿ ಅವಳ ಬಾಗಿಲ ಎದುರು ಕೂತು, ಒಂದು ಕಣ್ಣು ಮುಚ್ಚಿ, ಪೆನ್ಸಿಲು ಚಾಚಿ ಕಟ್ಟೆಯನ್ನು ಅಳೆಯುತ್ತಿದ್ದಾರೆ. ಕೊರಳಲ್ಲಿ ದರ್ಜಿಯ ಟೇಪು ಬೇರೆ! ಅಂಗಡಿಯಿಂದ ಹಾಗೇ ಬಂದಿದ್ದರು. ನಮಗದು ಕಣ್ಣಿಗೇ ಬೀಳಲಿಲ್ಲ, ಟೇಪಿಲ್ಲದ ಭಾಯಿಯನ್ನು ನಾವು ಕಂಡವರೇ ಅಲ್ಲ. ಕನಕಮ್ಮ ಗೋಡೆ ಹಿಡಿದುಕೊಂಡೇ ಬಂದು ಮಜ್ಜಿಗೆ ಕೊಟ್ಟಳು. ಭಾಯಿ ಕುಡಿದರು, ಲೋಟ ಕೆಳಗಿಟ್ಟರು, ಮತ್ತೆ ನೆರಳಿನೊಳಗೆ ಮುಳುಗಿದರು. ಒಂದು ಮಾತೂ ಆಡಲಿಲ್ಲ.

ಅರ್ಧ ಉಳಿದ ಚಿತ್ರ ಮುಗಿಸಲು ಮುಂದಿನ ಭಾನುವಾರ ನನ್ನನ್ನೂ ಎಳೆದುಕೊಂಡು ಹೋದರು. ಕಟ್ಟೆ ಇರಲಿಲ್ಲ. ಪರಸಿ ಕಲ್ಲುಗಳು ಗೋಡೆಗೆ ಒರಗಿದ್ದವು. ಕನಕಮ್ಮ ಹೊಸ್ತಿಲಿನಿಂದಲೇ ಕೈಮುಗಿದಳು.

“ನಾವ ತೆಗೆಸೀವ್ರಿ ಸಾಹೇಬ್ರ, ನಿಮಗ್ಯಾಕ ತ್ರಾಸ ಅಂತ. ಗ್ವಾಡಿಗೆ ಒಂದು ಕೈ ಹಚ್ಚಬ್ಯಾಡ್ರಿ.”

ಭಾಯಿಗೆ ಮೊದಲು ಏನೂ ಹೊಳೆಯಲಿಲ್ಲ. ಅವಳ ಕಣ್ಣು ತಮ್ಮ ಕೊರಳಿನ ಮೇಲೇ ಇದ್ದದ್ದು ಕಂಡಾಗ ಕೈ ತಾನಾಗಿ ಟೇಪಿಗೆ ಹೋಯಿತು. “ಯವ್ವಾ, ನಾ ದರ್ಜಿ. ಚಿತ್ರಾ ಬರ್ಯಾಕ ಬಂದಿದ್ದೆ” ಎಂದರು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಅವಳು ಮುಗಿದ ಕೈ ಇಳಿಸಿದಳು. ‘ರೀ’ ಅನ್ನುವುದೆಲ್ಲ ಅಲ್ಲಿಗೆ ಮುಗಿಯಿತು.

“ನನ್ನ ಕೈಯಾನ ಮಜ್ಜಿಗಿ ಕುಡದೆಲ್ಲಪ್ಪಾ. ಒಂದ ಮಾತ ಹೇಳಾಕ ಏನಾಗಿತ್ತು ನಿನಗ? ಕಟ್ಟಿ ಹೋದಾಗಿಂದ ಒಬ್ಬಾಕಿನೂ ಈ ಕಡಿ ಬಂದಿಲ್ಲ.”

ನನಗೆ ಸಿಟ್ಟು ಬಂತು, ದುಃಖವೂ ಆಯಿತು. ಅಷ್ಟು ಹೊತ್ತು ಕಟ್ಟೆಯನ್ನೇ ನೋಡಿದ ಮನುಷ್ಯ ಅದರ ಯಜಮಾನಿಯನ್ನು ನೋಡಲಿಲ್ಲವಲ್ಲ! ಬಯ್ಯೋಣವೆಂದರೆ ಭಾಯಿಯ ಮುಖ ಆಗಲೇ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಮೊದಲು ಪಂಚಾಯಿತಿಯವರನ್ನು ವಿಚಾರಿಸಿದೆವು. ಕೆಡವುವುದೆಲ್ಲ ದೊಡ್ಡ ರಸ್ತೆಯಲ್ಲಿ ಮಾತ್ರ, ಆ ಓಣಿಗೆ ಯಾವ ಅಳತೆಯೂ ಬರುವುದಿರಲಿಲ್ಲ. ಮುಂದಿನ ಭಾನುವಾರ ಭಾಯಿ ಗೌಂಡಿ ತಾಯಣ್ಣನನ್ನು ಕರೆತಂದು, ತಾವೇ ಗಾರೆ ಕಲಸಿ ಕಟ್ಟೆ ಕಟ್ಟಿಸಿದರು. ಅದೇ ದಿನ ರಾಯಚೂರಿನಲ್ಲಿ ಮಾಸ್ತರರ ವಾರ್ಷಿಕ ಪ್ರದರ್ಶನ. ಅವರ ಹೆಸರಿನ ಜಾಗ ಗೋಡೆಯ ಮೇಲೆ ಖಾಲಿ ಉಳಿಯಿತು.

ಗಾರೆ ಆರಿದ ಮೇಲೆ ಮತ್ತೊಂದು ಭಾನುವಾರ ಹೋದೆವು. ಸಂಜೆಯಾಯಿತು. ಕನಕಮ್ಮ ಒಬ್ಬಳೇ ಕಟ್ಟೆಯ ತುದಿಯಲ್ಲಿ ಕೂತಿದ್ದಳು. ಹೆಂಗಸರು ತಮ್ಮ ತಮ್ಮ ಬಾಗಿಲಲ್ಲೇ ನಿಂತಿದ್ದರು. ಮತ್ತೆ ಕೆಡವುತ್ತಾರೆ, ಕೂತವರ ಹೆಸರನ್ನೂ ಬರೆದುಕೊಳ್ಳುತ್ತಾರೆ ಎಂಬ ಹೆದರಿಕೆ ಹೋಗಿರಲಿಲ್ಲ. “ಕಲ್ಲು ಬಂದ್ವು, ಮಂದಿ ಬರ್ಲಿಲ್ಲ ನೋಡಪ್ಪಾ” ಅಂದಳು.

ಭಾಯಿ ನೆಲದ ಮೇಲೆ ಕೂತು ಹಾಳೆ ತೆಗೆದರು. ಹುಟ್ಟಿ ಇಷ್ಟು ವರ್ಷಕ್ಕೆ ಮೊದಲ ಸಲ ಒಂದು ಮುಖ ಬರೆಯತೊಡಗಿದರು. ಮೂಗು ಬದನೆಕಾಯಿಯಾಯಿತು. ಕನಕಮ್ಮ ಇಣುಕಿ ನೋಡಿ ಗೊಳ್ಳೆಂದು ನಕ್ಕಳು. ಆ ನಗು ಕೇಳಿ ಎದುರುಮನೆಯಾಕೆ ಬಂದಳು, ಅವಳ ಹಿಂದೆ ಇನ್ನೊಬ್ಬಳು. “ಅಯ್ಯ, ಇದ್ಯಾರ ಮೂಗಬೇ!” “ನನ್ನೂ ಬರೀರಿ, ಮೂಗ ಸಣ್ಣದು ಮಾಡ್ರಿ!” ನೋಡಲು ಬಂದವರು ಬರೆಸಿಕೊಳ್ಳಲು ಕೂತರು, ಕೂತವರು ಏಳಲಿಲ್ಲ. ಬೇವಿನ ನೆರಳು ಯಾವಾಗ ಕರಗಿತೋ ಯಾರೂ ನೋಡಲಿಲ್ಲ. ಭಾಯಿ ಕೂಡ ನೋಡಲಿಲ್ಲ.

ಕತ್ತಲಾಗುವ ಹೊತ್ತಿಗೆ ಕಟ್ಟೆಯಲ್ಲಿ ಜಾಗವೇ ಉಳಿದಿರಲಿಲ್ಲ. ಕನಕಮ್ಮ ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

“ಸ್ವಲ್ಪ ಸರೀರ್ಬೇ. ಬರ್ಯಾಂವಾ ನೆಲದ ಮ್ಯಾಲ ಕುಂತಾನ.”