ಮೊರ್ಜಿನಾ ತೊಳೆಯದೆ ಉಳಿಸಿದ ಬುಟ್ಟಿ

ಬಾಗೇರ್‌ಹಾಟ್‌ನ ಸೀಗಡಿ ಮರಿಕೇಂದ್ರ. ಬೆಳಗಿನ ನಮಾಜು ಈಗಷ್ಟೇ ಮುಗಿದಿದೆ. ಮೊರ್ಜಿನಾ ಬೇಗಂ ನಾಲ್ಕನೇ ತೊಟ್ಟಿಯಿಂದ ಬಿಳಿ ಬಟ್ಟಲಲ್ಲಿ ನೀರು ಮೊಗೆದು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಒಳಗಿರುವುದು ರೆಪ್ಪೆಗೂದಲಿನಷ್ಟು ಮರಿಗಳು. ಆರೋಗ್ಯವಾಗಿದ್ದರೆ ತಲೆಕೆಳಗಾಗಿ, ಹಿಮ್ಮುಖವಾಗಿ ಈಜಬೇಕು. ತಳ ಸೇರಿದರೆ ಮುಗಿಯಿತು.

"ಏನ್ ಖಾಲಾ, ಬದುಕಿದಾವಾ?" ನೀರು ಪರೀಕ್ಷಿಸುವ ತೌಫಿಕ್ ತನ್ನ ಚಿಕ್ಕಮ್ಮನಂಥ ಮೊರ್ಜಿನಾರನ್ನು ಹೊಸ್ತಿಲಲ್ಲೇ ಕೇಳುತ್ತಾನೆ.

"ಸುಮ್ನಿರಪ್ಪಾ. ನಿನ್ ನೆರಳೇ ಬಟ್ಟಲಿಗೆ ಬೀಳ್ತಿದೆ."

ಮರಿ ಹುಟ್ಟಿ ಇಂದು ಹನ್ನೆರಡನೇ ದಿನ. ಹೋದ ವರ್ಷ ಎಂಟೂ ತೊಟ್ಟಿಗಳ ಮರಿಗಳು ಸತ್ತದ್ದು ಇದೇ ದಿನ. ಈ ಸಲವೂ ಹೋದರೆ ಗೇಟಿಗೆ ಬೀಗ ಎಂದು ಮಾಲೀಕ ನಿರಾಪದ ಹಾಲ್ದಾರ್ ಹೇಳಿಯಾಗಿದೆ. ಆಗ ಇಲ್ಲಿನ ಒಂಬತ್ತು ಹೆಂಗಸರೂ ಮಂಜುಗಡ್ಡೆಯ ಶೆಡ್ಡಿನಲ್ಲಿ ಸೀಗಡಿಯ ತಲೆ ಮುರಿಯುವ ಕೆಲಸಕ್ಕೆ ಮರಳಬೇಕು. ಮೊರ್ಜಿನಾರ ಬಲಗೈಯ ಎರಡು ಬೆರಳು ಅಲ್ಲಿಯೇ ಸೆಟೆದುಕೊಂಡಿವೆ.

ಇಲ್ಲಿಗೆ ಬಂದು ಹನ್ನೊಂದು ವರ್ಷ. ದಿನಕ್ಕೆ ಅರವತ್ತು ಕೋಳಿಮೊಟ್ಟೆ ಒಡೆದು, ಹಾಲಿನ ಪುಡಿ ಕಲಸಿ, ಹಬೆಯಲ್ಲಿ ಬೇಯಿಸಿ, ಜರಡಿಯಲ್ಲಿ ಉಜ್ಜಿ ಮರಿಗಳಿಗೆ ಹಾಕುತ್ತಾರೆ. ಮರಿಗಳು ತಿನ್ನದೆ ಬಿಟ್ಟದ್ದನ್ನು ಕೊಳವೆಯಿಂದ ಎಳೆದು ತೆಗೆಯುತ್ತಾರೆ. ತೆಗೆಯದಿದ್ದರೆ ಅದು ಕೊಳೆತು, ಮರಿ ಕೊಲ್ಲುವ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಅವುಗಳಲ್ಲಿ ಒಂದು ಜಾತಿ ಕತ್ತಲಲ್ಲಿ ಮಿನುಗುತ್ತದೆ.

ಹೋದ ವರ್ಷ ಒಂದು ತೊಟ್ಟಿ ಮಿನುಗಿತ್ತು. ಎಲ್ಲ ತೊಳೆಯಿರಿ ಎಂದರು ಮಾಲೀಕರು.

"ನಾನೇ ತೊಳ್ದೆ. ನೀರು ಸೋಸೋ ಚಿಪ್ಪುಗಳನ್ನೂ ಬ್ಲೀಚಿಂಗ್ ಪುಡೀಲಿ ತಿಕ್ಕಿದೆ. ಮದುವೆ ಮನೆ ತಟ್ಟೆ ಥರ ಹೊಳೀತಿದ್ವು. ಎಲ್ಲರನ್ನೂ ಕರ್ದು ತೋರಿಸ್ದೆ ಬೇರೆ," ಎನ್ನುತ್ತಾರೆ ಮೊರ್ಜಿನಾ.

ತೊಟ್ಟಿಯ ನೀರು ಪಕ್ಕದ ಸೋಸುಗುಂಡಿಯಲ್ಲಿ ಈ ಚಿಪ್ಪುಗಳ ನಡುವೆ ಹಾದು ಮರಳುತ್ತದೆ. ಚಿಪ್ಪಿನ ಮೇಲಿನ ಕಂದು ಲೋಳೆಯೂ ಬ್ಯಾಕ್ಟೀರಿಯಾಗಳದೇ. ಆದರೆ ಅವು ನೀರಿನ ವಿಷ ತಿನ್ನುವಂಥವು. ಅವು ಹೋದ ಮೇಲೆ ಮರಿಗಳು ತಮ್ಮ ಹೊಲಸಿನಲ್ಲೇ ಸತ್ತವೆಂದು ತೌಫಿಕ್‌ನ ಪರೀಕ್ಷೆ ಹೇಳಿತು. ಲೋಳೆ ಮತ್ತೆ ಹಿಡಿಯಲು ತಿಂಗಳುಗಳೇ ಬೇಕಾದವು.

ಆದರೂ ಈ ಸಲ ಮರಿ ಬಿಡುವ ಮೊದಲು ಮತ್ತೆ ತೊಳೆಯಲು ಮಾಲೀಕರ ಅಪ್ಪಣೆ ಬಂತು. ಮೊರ್ಜಿನಾ ಒಂದು ಬುಟ್ಟಿ ಚಿಪ್ಪನ್ನು ಮಾತ್ರ ಹಿತ್ತಿಲ ಡ್ರಮ್ಮಿನಲ್ಲಿ ಮುಳುಗಿಸಿ, ಗಾಳಿ ಕೊಳವೆ ಬಿಟ್ಟು, ಬಚ್ಚಿಟ್ಟರು. ತೌಫಿಕ್‌ಗೆ ಸಿಕ್ಕಿಬಿದ್ದರು.

"ಥೂ, ಏನಿದು ಖಾಲಾ, ಇಷ್ಟು ಗಬ್ಬು!"

"ನಿಮ್ಮಮ್ಮ ಮೊಸರಿಗೆ ಹೆಪ್ಪು ಎಲ್ಲಿಂದ ತರ್ತಾಳೆ? ಮಡಕೆ ತೊಳಿಯೋಕ್ ಮುಂಚೆ ಒಂದ್ ಚಮಚ ತೆಗೆದಿಡಲ್ವಾ?"

ಅವನು ಯಾರಿಗೂ ಹೇಳಲಿಲ್ಲ. ಎಂಟೂ ತೊಟ್ಟಿಗಳ ಸೋಸುಗುಂಡಿಗೆ ಆ ಚಿಪ್ಪು ಒಂದೊಂದು ಹಿಡಿ ಹೋಯಿತು; ಮಿಕ್ಕದ್ದು ಡ್ರಮ್ಮಿನಲ್ಲೇ ಉಳಿಯಿತು.

ಈಗ ಹಾಲ್ದಾರ್ ಬಂದು ಬಟ್ಟಲಿಗೆ ಬಗ್ಗುತ್ತಾರೆ. ಮರಿಗಳೆಲ್ಲ ತಲೆಕೆಳಗು.

"ನೋಡು, ಚೆನ್ನಾಗಿ ತೊಳೆದಿದ್ದಕ್ಕೆ ಉಳ್ಕೊಂಡ್ವು."

"ಒಂದ್ ಬುಟ್ಟಿ ತೊಳ್ದಿಲ್ಲ ಬಾಬು. ಎಲ್ಲ ಗುಂಡಿಗೂ ಅದ್ರದ್ದೇ ಒಂದೊಂದ್ ಹಿಡಿ ಹಾಕಿದ್ದು. ಮಿಕ್ಕಿದ್ದು ಹಿತ್ತಿಲಲ್ಲಿದೆ."

ತೌಫಿಕ್ ಗೋಡೆ ನೋಡುತ್ತಾನೆ. ಹಾಲ್ದಾರ್ ಹಿತ್ತಿಲಿಗೆ ಹೋಗಿ, ಮೂಗು ಮುಚ್ಚಿಕೊಂಡು ಮರಳುತ್ತಾರೆ. "ಅದಕ್ಕೊಂದು ಮುಚ್ಚಳ ಹಾಕು. ಕಾಗೆ ಚೆಲ್ಲಿಬಿಟ್ಟಾವು."

ಮೊರ್ಜಿನಾ ಮರಿಗಳನ್ನು ತೊಟ್ಟಿಗೆ ಬಿಡುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಖುಲ್ನಾ ಕಾಲೇಜಲ್ಲಿ ದೊಡ್ಡ ಸೂಕ್ಷ್ಮದರ್ಶಕ ಇದೆಯಂತೆ. ಒಂದ್ ಚಿಪ್ಪು ತಗೊಂಡ್ ಹೋಗಿ ಆ ಲೋಳೇಲಿರೋವನ್ನ ನೋಡ್ಬೇಕು. ಹನ್ನೊಂದು ವರ್ಷ ಒಟ್ಟಿಗೆ ಕೆಲ್ಸ ಮಾಡಿದೀವಿ. ಇನ್ನೂ ಅವುಗಳ ಮುಖ ನೋಡಿಲ್ಲ."