ಒಂದೇ ಗೋಡೆಯ ಗುಲಾಬಿ

ನಮ್ಮ ಮನೆಯ ಗೋಡೆಗಳು ಮೊದಲಿನಿಂದಲೂ ಕೆನೆ ಬಣ್ಣದವು. ಇದನ್ನು ನಾನು ಆರಿಸಿದ್ದಲ್ಲ. ಗೋಡೆಗೆ ಬಣ್ಣ ಆರಿಸಬೇಕಾಗುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗೋಡೆ ಎಂದರೆ ಕೆನೆ, ಬಾಗಿಲು ಎಂದರೆ ಕಂದು, ಕಿಟಕಿಯ ಸರಳು ಎಂದರೆ ಕರಿ. ಸೃಷ್ಟಿಯ ಈ ವ್ಯವಸ್ಥೆಯಲ್ಲಿ ನಾನು ಎಂದೂ ಕೈ ಹಾಕಿದವನಲ್ಲ. ಕೆನೆ ಬಣ್ಣದ ದೊಡ್ಡ ಗುಣವೆಂದರೆ ಅದು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅದರ ಎದುರು ಊಟ ಮಾಡಬಹುದು, ಜಗಳವಾಡಬಹುದು, ಬೀಗರನ್ನು ಕೂಡಿಸಬಹುದು. ಅದು ಏನೂ ಅನ್ನುವುದಿಲ್ಲ. ಸರಕಾರಿ ಕಚೇರಿಯಲ್ಲಿ ಇಡೀ ನೌಕರಿಯನ್ನು ಅಂಥ ಗೋಡೆಗಳ ನಡುವೆಯೇ ಮುಗಿಸಿದ ನನಗೆ, ನಿವೃತ್ತನಾಗಿ ಧಾರವಾಡದ ಮನೆಯಲ್ಲಿ ಕೂತಾಗಲೂ ಅವೇ ಎದುರಿಗಿದ್ದದ್ದು ಒಂದು ರೀತಿಯ ಪಿಂಚಣಿಯಂತೆಯೇ ಅನಿಸುತ್ತಿತ್ತು.

ನನ್ನ ಹೆಂಡತಿ ಕನ್ನಡ ಸಾಲಿಯಲ್ಲಿ ಶಿಕ್ಷಕಿಯಾಗಿದ್ದವಳು. ಓಣಿಗೆಲ್ಲ ಆಕೆ ‘ಅಕ್ಕಾರು’. ಆಕೆಯೂ ನಿವೃತ್ತಳಾದ ಹೊಸದರಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಹೇಳಿದಳು:

“ಏನ್ರಿ, ನಂಗೊಂದು ಗ್ವಾಡಿ ಬೇಕಾಗೇತಿ.”

“ಎಲ್ಲಿ ಕಟ್ಟಸಬೇಕು?” ಎಂದೆ ಗಾಬರಿಯಿಂದ.

“ಕಟ್ಟಸೂದಲ್ರಿ. ಇದ್ದದ್ದರಾಗ ಒಂದು. ಸಣ್ಣ ಖೋಲ್ಯಾಗ ಕಿಟಕಿ ಬಾಜೂಕ ಐತೆಲ್ಲ, ಅದು. ಅದಕ್ಕ ತಿಳಿ ಗುಲಾಬಿ ಹಚ್ಚಸಬೇಕು.”

ಗುಲಾಬಿ ಎಂಬ ಪದ ನಮ್ಮ ಮನೆಯಲ್ಲಿ ಅದುವರೆಗೆ ಹೂವಿಗೆ ಮತ್ತು ಹಲ್ಲಿನ ಪುಡಿಗೆ ಮಾತ್ರ ಬಳಕೆಯಾಗಿತ್ತು. ಯಾಕೆ ಎಂದು ಕೇಳಿದೆ.

“ತವರಮನ್ಯಾಗಿನ ಗ್ವಾಡಿ ಅಪ್ಪಂದು. ಇಲ್ಲಿಗೆ ಬಂದೆ, ಇಲ್ಲಿದು ನಿಮ್ಮ ಅವ್ವಂದು. ಸಾಲ್ಯಾಗಿಂದು ಸರಕಾರದ್ದು. ಒಂದಾದ್ರೂ ನಂದು ಅಂತ ಇರ್ಲಿ.”

“ಉಳಿದ ಮೂರು?”

“ಉಳಿದ ಮೂರು ನಿಮ್ಮಂಗ ಇರ್ಲಿ.”

ಇದನ್ನು ಸೌಜನ್ಯವೆಂದೇ ತೆಗೆದುಕೊಂಡು ನಾನು ಮಂಜೂರಾತಿ ಕೊಟ್ಟೆ.

ಬಣ್ಣದ ಕಾರ್ಡು ತರಿಸಿದೆವು. ಅದರ ತುಂಬ ಬರೀ ಗುಲಾಬಿಯ ಚೌಕಗಳು, ಒಂದೊಂದಕ್ಕೂ ಐಸ್‌ಕ್ರೀಮಿನಂಥ ಹೆಸರು. ಆಕೆ ಹೆಸರುಗಳನ್ನು ಓದಲಿಲ್ಲ. ಕೆಲಗೇರಿ ಕಡೆಯಿಂದ ಬುಟ್ಟಿಯಲ್ಲಿ ಬರುವ ಪೇರಲ ಹಣ್ಣೊಂದನ್ನು ಹೆಚ್ಚಿ, ಹೋಳನ್ನು ಕಾರ್ಡಿನ ಪಕ್ಕ ಹಿಡಿದು, “ಇದರ ಒಳಗಿಂದು. ಆದ್ರ ಇದಕ್ಕಿಂತ ತಿಳಿ. ಹಾಲಿನ್ಯಾಗ ಅದ್ದಿ ತಗದಂಗ ಇರಬೇಕು” ಎಂದಳು. ಸಂಜೆಯ ಬೆಳಕಿನಲ್ಲಿ ಒಮ್ಮೆ, ಮರುದಿನ ಬೆಳಗಿನ ಬೆಳಕಿನಲ್ಲಿ ಒಮ್ಮೆ ನೋಡಿ ಒಂದು ಚೌಕದ ಮೇಲೆ ಬೆರಳಿಟ್ಟಳು. ನನ್ನನ್ನು ಆರಿಸುವಾಗ ಆಕೆಗೆ ಇಷ್ಟು ಬೆಳಕು ಕೊಟ್ಟಿರಲಿಲ್ಲ.

ಪೇಂಟರನು ಗೋಡೆಯನ್ನು ನೋಡಿ, “ಒಂದು ಸಣ್ಣ ಡಬ್ಬಿ ತಂದಿಡ್ರಿ ಸರ್ರ. ಅದರಾಗೂ ಉಳೀತೈತಿ” ಎಂದ. ನಾನು ಮರುಕದಿಂದ ನಕ್ಕೆ.

ಇಲ್ಲಿ ನಮ್ಮ ಮನೆತನದ ಕಟ್ಟಳೆಯೊಂದನ್ನು ಹೇಳಬೇಕು. ನಮ್ಮಲ್ಲಿ ಬಿಡಿಯಾಗಿ ಏನನ್ನೂ ತರುವುದಿಲ್ಲ. ಬೇಸಿಗೆ ಬಂತೆಂದರೆ ವರ್ಷದ ಜೋಳ, ವರ್ಷದ ತೊಗರಿಬೇಳೆ, ವರ್ಷದ ಮೆಣಸಿನಕಾಯಿ ಚೀಲಗಟ್ಟಲೆ ಮನೆಗೆ ಬರುತ್ತವೆ. ಆಮೇಲೆ ವರ್ಷವಿಡೀ ನಾವು ಅವುಗಳ ನಡುವೆ ದಾರಿ ಮಾಡಿಕೊಂಡು ಓಡಾಡುತ್ತೇವೆ. ಪಾವು, ಅಚ್ಚೇರು ಎಂದು ಅಂಗಡಿಗೆ ಓಡುವವರನ್ನು ಕಂಡರೆ ನಮ್ಮ ತಂದೆಗೆ ಅವರ ಕುಲದ ಮೇಲೆಯೇ ಅನುಮಾನ ಬರುತ್ತಿತ್ತು. ಅಂಥವರ ಮಗನಾಗಿ ನಾನು ಸಣ್ಣ ಡಬ್ಬಿ ಹಿಡಿದುಕೊಂಡು ಓಣಿಯಲ್ಲಿ ಬರುವುದು ಹೇಗೆ? ದೊಡ್ಡ ಅಂಗಡಿಯೇ ಆಗಬೇಕೆಂದು ಹುಬ್ಬಳ್ಳಿಗೆ ಹೋದೆ.

“ಎಷ್ಟು ಖೋಲಿ ಸರ್ರ?” ಎಂದ ಅಂಗಡಿಯವ.

“ಒಂದು ಗ್ವಾಡಿ.”

“ಸಣ್ಣ ಡಬ್ಬಿ ಸಾಕ್ರಿ ಹಂಗಾದ್ರ.”

“ದೊಡ್ಡದು ತಗೊಂಡ್ರ ಹ್ಯಾಂಗ ಬೀಳತೈತಿ?”

“ದೊಡ್ಡ ಬಕೆಟ್ ಸೋವಿ ಬೀಳತೈತ್ರಿ ಖರೇ. ಆದ್ರ ಅದು ಇಡೀ ಮನಿಗೆ ಆಗೂವಷ್ಟು. ಬಣ್ಣ ಕಲಿಸಿದ ಮ್ಯಾಲೆ ವಾಪಸ್ ತಗೊಳ್ಳಂಗಿಲ್ರಿ.”

ಸೋವಿ ಎಂಬ ಮಾತಿನ ನಂತರ ಆತ ಹೇಳಿದ್ದೆಲ್ಲ ನನಗೆ ಬರೀ ವಿವರಣೆಯಾಗಿ ಕಂಡಿತು. ಬಕೆಟ್ ತೆಗೆದುಕೊಂಡೆ. ಅಂಗಡಿಯವರೇ ಅದನ್ನು ಬಸ್ಸಿಗೆ ಏರಿಸಿಕೊಟ್ಟರು. ರಾಯಾಪುರ ಬರುವ ಹೊತ್ತಿಗೆ ಪಕ್ಕದ ಸೀಟಿನ ಹೆಣ್ಣುಮಗಳು ಕುತೂಹಲ ತಡೆಯಲಾರದೆ ಕೇಳಿದಳು:

“ಮದವಿ ಐತೇನ್ರಿ ಕಾಕಾ? ಎಣ್ಣಿ ಭಾಳ ತಗೊಂಡೀರಿ.”

“ಎಣ್ಣಿ ಅಲ್ಲವಾ, ಬಣ್ಣ. ಒಂದು ಗ್ವಾಡಿಗೆ.”

ಆಕೆ ಬಕೆಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. “ಎಷ್ಟ್ ಉದ್ದ ಐತ್ರಿ ಗ್ವಾಡಿ?” ಎಂದಳು.

ಪೇಂಟರ ಮಧ್ಯಾಹ್ನದೊಳಗೆ ಕೆಲಸ ಮುಗಿಸಿದ. ನಿಜ ಹೇಳಬೇಕೆಂದರೆ ಗೋಡೆ ಚೆನ್ನಾಗಿತ್ತು. ತಿಳಿ ಗುಲಾಬಿಗೆ ಒಂದು ವಿನಯವಿದೆ. ಬಾ, ನನ್ನನ್ನು ನೋಡು ಎಂದು ಅದು ಕೂಗುವುದಿಲ್ಲ. ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಬಿದ್ದಾಗ, ಜ್ವರ ಬಿಟ್ಟು ಎದ್ದ ಮಗುವಿನ ಕೆನ್ನೆಯಂತೆ ಸ್ವಲ್ಪ ಸ್ವಲ್ಪವಾಗಿ ರಂಗೇರುತ್ತಿತ್ತು. ಹೆಂಡತಿ ಅದರ ಎದುರಿಗೆ ಕುರ್ಚಿ ಹಾಕಿಸಿದಳು. ಕ್ಯಾಲೆಂಡರು, ಗಡಿಯಾರ, ಹಿರಿಯರ ಫೋಟೋ, ಯಾವುದಕ್ಕೂ ಅಲ್ಲಿ ಮೊಳೆ ಹೊಡೆಯಕೂಡದೆಂದು ಆಜ್ಞೆಯಾಯಿತು. ದಿನಾ ಬೆಳಿಗ್ಗೆ ಚಹಾ ಹಿಡಿದು, ಉಳಿದ ಮೂರು ಗೋಡೆಗಳಿಗೂ ಅಲ್ಲಿಂದ ಮುಂದಿನ ಇಡೀ ಸಂಸಾರಕ್ಕೂ ಬೆನ್ನು ಮಾಡಿ ಆಕೆ ಕೂರುತ್ತಿದ್ದಳು. ಏನು ನೋಡುತ್ತೀ ಎಂದು ಕೇಳಿದೆ. “ಏನೂ ಇಲ್ಲ. ಅದಕ್ಕ ನೋಡಾಕತ್ತೇನಿ” ಎಂದಳು.

ಎಲ್ಲವೂ ಸುಖವಾಗಿ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಬಕೆಟ್ ಇತ್ತು. ಬಚ್ಚಲಮನೆಯ ಹೊರಗೆ, ಹೆಚ್ಚು ಕಡಿಮೆ ತುಂಬಿಕೊಂಡೇ ಕೂತಿತ್ತು. ಪೇಂಟರ ಹೋಗುವಾಗ, “ಭಾಳ ದಿನ ಇಡಬ್ಯಾಡ್ರಿ ಸರ್ರ, ಕೆಡತೈತಿ” ಎಂದು ಹೇಳಿ ಹೋಗಿದ್ದ. ಮನೆಯಲ್ಲಿ ಒಂದು ವಸ್ತು ಕೆಡುತ್ತಿದೆ ಎಂದು ಗೊತ್ತಿದ್ದೂ ನಿದ್ದೆ ಮಾಡುವ ಸ್ವಭಾವ ನಮ್ಮ ವಂಶದಲ್ಲಿಲ್ಲ.

ಆ ವಾರವೇ ಹೆಂಡತಿ ತಂಗಿಯ ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆಂದು ಎಂಟು ದಿನದ ಮಟ್ಟಿಗೆ ಗದಗಿಗೆ ಹೋದಳು. ನಾನು ಒಂದು ಬ್ರಷ್ ತಂದೆ.

ಮೊದಲು ಬಚ್ಚಲಮನೆ, ಅಲ್ಲಿ ಯಾರು ನೋಡುತ್ತಾರೆ? ಬಕೆಟ್ಟಿಗೆ ಅದು ಗೊತ್ತೇ ಆಗಲಿಲ್ಲ. ಆಮೇಲೆ ಪಡಸಾಲೆ. ಪಡಸಾಲೆಯಿಂದ ಅಡುಗೆಮನೆಗೆ ಹೋಗುವುದು ನ್ಯಾಯವಾಗಿತ್ತು. ಸಣ್ಣ ಖೋಲಿಯ ಮೂರು ಗೋಡೆಗಳು ನಾಲ್ಕನೆಯದನ್ನು ನೋಡಿ ಕೊರಗುತ್ತಿವೆಯೆಂದು ತೋಚಿ ಅವುಗಳಿಗೂ ನ್ಯಾಯ ಒದಗಿಸಿದೆ. ಅಟ್ಟದ ಏಣಿ, ತುಳಸಿಕಟ್ಟೆ, ಹೂವಿನ ಕುಂಡಗಳು. ಬಳಿದಷ್ಟೂ ಬಕೆಟ್ಟಿನ ತಳ ಹಿಂದೆ ಹಿಂದೆ ಸರಿಯುತ್ತಿತ್ತು. ಕೊನೆಗೆ ಕಂಪೌಂಡು, ಗೇಟು, ಮತ್ತು ಅಂಗಳದ ತೆಂಗಿನ ಮರ, ಕೈಗೆ ಎಟುಕುವಷ್ಟು ಎತ್ತರದವರೆಗೆ.

ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿ, “ಏನ್ ಸರ್ರ, ಮನಿಗೇ ಮದವಿ ಮಾಡಾಕತ್ತೀರೇನು?” ಎಂದರು.

“ನಿಮ್ಮ ಬಾಜೂನೂ ಹಚ್ಚಿ ಕೊಡ್ಲೇನ್ರಿ? ಐತಿ ಇನ್ನೂ.”

ಅವರು ಉತ್ತರ ಕೊಡುವ ಮೊದಲು ತಮ್ಮ ಸ್ಕೂಟರನ್ನು ಒಳಗೆ ಸರಿಸಿಕೊಂಡರು.

ಹೆಂಡತಿ ಬರುವ ದಿನ ನಾನು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಗೇಟಿನಲ್ಲಿ ನಿಂತೆ. ಕೇಳಿದ್ದು ಒಂದು ಗೋಡೆ, ಕೊಟ್ಟದ್ದು ಇಡೀ ಮನೆ. ಇಂಥ ಗಂಡಂದಿರು ಎಷ್ಟು ಜನರಿದ್ದಾರೆ ಎಂಬ ಲೆಕ್ಕದಲ್ಲಿ ನಾನಿದ್ದಾಗ ಆಟೋ ನಮ್ಮ ಮನೆಯನ್ನು ದಾಟಿ ಮುಂದೆ ಹೋಯಿತು. ಒಳಗಿನಿಂದ ಹೆಂಡತಿ ಕೂಗಿ ನಿಲ್ಲಿಸಿದಳು. ಆಟೋದವ, “ಇದು ಸಣ್ಣ ಹುಡುಗೂರ ಸಾಲಿ ಇದ್ದಂಗ ಐತ್ರಿ ಅಕ್ಕಾರ, ನಿಮ್ಮ ಮನಿ ಯಾವುದು?” ಎನ್ನುವುದು ನನಗೂ ಕೇಳಿಸಿತು.

ಆಕೆ ಇಳಿದು ಗೇಟಿಗೆ ಬರುವಷ್ಟರಲ್ಲಿ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡ ಒಬ್ಬ ತಾಯಿಯೂ ಅಲ್ಲಿಗೇ ಬಂದಳು. “ಅಡ್ಮಿಷನ್ ಚಾಲೂ ಐತೇನ್ರಿ?” ಎಂದು ನನ್ನನ್ನು ಕೇಳಿದವಳು, ಹೆಂಡತಿಯ ಸೀರೆ, ಚಷ್ಮಾ, ನಿಂತ ಠೀವಿ ನೋಡಿ ಕೂಡಲೇ ಆಕೆಯ ಕಡೆಗೆ ತಿರುಗಿದಳು. “ನೀವೇ ಏನ್ರಿ ಟೀಚರ್?”

“ಟೀಚರ್ ಹೌದವಾ. ಆದ್ರ ಇದು ಮನಿ.”

“ಮನೀನ?” ಆಕೆ ಗೇಟನ್ನು, ಕುಂಡಗಳನ್ನು, ಮರವನ್ನು ಒಂದೊಂದಾಗಿ ನೋಡಿದಳು. “ಹಂಗಾದ್ರ ಗಿಡಕ್ಕ ಯಾಕ್ರಿ ಬಣ್ಣ ಹಚ್ಚೀರಿ?”

“ಅದನ್ನ ಅವರನ್ನ ಕೇಳವಾ” ಎಂದು ಹೆಂಡತಿ ಒಳಗೆ ಹೋದಳು.

ಪಡಸಾಲೆಯಲ್ಲಿ ನಿಂತಳು, ಅಡುಗೆಮನೆಗೆ ಇಣುಕಿದಳು. ಸಣ್ಣ ಖೋಲಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ನಾನು ಹಿಂದೆ ನಿಂತು ಶಹಬ್ಬಾಸಿಗೆ ಕಾಯುತ್ತಿದ್ದೆ.

“ನನ್ನ ಗ್ವಾಡಿ ಎಲ್ಲಿ ಐತ್ರಿ?” ಎಂದಳು.

“ಅಲ್ಲೇ ಐತೆಲ್ಲ” ಎಂದು ಕೈ ತೋರಿಸಲು ಹೋದೆ. ನಾಲ್ಕೂ ಗೋಡೆಗಳು ಒಂದೇ ತಾಯಿಯ ಮಕ್ಕಳಂತೆ ನಮ್ಮನ್ನು ನೋಡುತ್ತಿದ್ದವು. ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಉಳಿಯಿತು.

“ನಿನಗ ಸೇರತೈತಿ ಅಂತ ಎಲ್ಲಾ ಕಡೆ ಹಚ್ಚೇನಿ.”

“ನಂಗ ಸೇರತೈತಿ ಅಂತ ಹಚ್ಚೀರೋ, ಬಕೆಟ್ ಖಾಲಿ ಆಗ್ಲಿ ಅಂತ ಹಚ್ಚೀರೋ?”

ಪ್ರಶ್ನೆ ನೇರವಾಗಿತ್ತು. ಅಂಥ ಪ್ರಶ್ನೆಗಳಿಗೆ ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಕಳಿಸುವುದು ನನ್ನ ಅಭ್ಯಾಸ. ಆದರೆ ಎದುರಿಗಿದ್ದವಳು ಟಪಾಲಿನಲ್ಲಿ ಬಂದಿರಲಿಲ್ಲ.

ಆಕೆ ಜಗಳವಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆಡಲಿಲ್ಲ. ಮರುದಿನ ಬೆಳಿಗ್ಗೆ ಸಣ್ಣ ಖೋಲಿಗೆ ಹೋಗದೆ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಚಹಾ ಕುಡಿದಳು. ಅದರ ಮರುದಿನವೂ ಹಾಗೆಯೇ. ಸಾಲಿಗೆ ಹೋಗುತ್ತಿದ್ದಷ್ಟು ವರ್ಷವೂ ಆಕೆ ಹಾಗೆಯೇ ನಿಂತು, ಗಡಿಯಾರ ನೋಡುತ್ತ, ಗುಟುಕರಿಸಿ ಓಡುತ್ತಿದ್ದಳು. ಈಗ ಎಲ್ಲಿಗೂ ಓಡಬೇಕಾಗಿರಲಿಲ್ಲ, ಆದರೂ ನಿಂತಿದ್ದಳು. ಖಾಲಿ ಕುರ್ಚಿಯಲ್ಲಿ ನಾನೊಮ್ಮೆ ಕೂತು ನೋಡಿದೆ. ಎತ್ತ ತಿರುಗಿದರೂ ಗುಲಾಬಿ. ಬೆನ್ನು ಮಾಡಲು ಆ ಖೋಲಿಯಲ್ಲಿ ಏನೂ ಉಳಿದಿರಲಿಲ್ಲ.

“ಪೇಂಟರ್‌ನ ಕರಸೋಣೇನು?” ಎಂದೆ, ಸಾಧ್ಯವಾದಷ್ಟು ಸಣ್ಣ ದನಿಯಲ್ಲಿ.

“ಕರಸೇನಿ. ನಾಳೆ ಬರತಾನ.”

ಈ ಸಲ ಬಣ್ಣ ತರಲು ಆಕೆಯೇ ಹೋದಳು. ಪೇಂಟರ ಬಂದವನೇ ಮರವನ್ನು ನೋಡಿ, ನನ್ನನ್ನು ನೋಡಿ, ಸಭ್ಯತೆಯಿಂದ ಕೆಮ್ಮಿದ.

“ಗೇಟಿನಿಂದ ಹಿಡದು ಎಲ್ಲಾ ಮದಲಿನಂಗ ಕೆನಿ ಬಣ್ಣ ಮಾಡಿಬಿಡಪಾ” ಎಂದಳು ಆಕೆ. “ಸಣ್ಣ ಖೋಲ್ಯಾಗ ಕಿಟಕಿ ಬಾಜೂಕಿಂದು ಮಾತ್ರ ಮುಟ್ಟಬ್ಯಾಡ.”

“ಸರ್ರದು ಏನು ಕೆಲಸರಿ?”

“ಏಣಿ ಹಿಡೀತಾರ.”

ಹಿಡಿದೆ. ನನ್ನ ಕೈಯಾರೆ ಬಳಿದ ಪಡಸಾಲೆ ನನ್ನ ಕಣ್ಣೆದುರೇ ಕೆನೆಯಾಗುತ್ತ ಹೋಯಿತು. ಗೇಟು ಹೋಯಿತು, ಕಂಪೌಂಡು ಹೋಯಿತು. ತೆಂಗಿನ ಮರದ ವಿಷಯವನ್ನು ಮಳೆಗಾಲಕ್ಕೆ ಒಪ್ಪಿಸಲಾಯಿತು. ಸಣ್ಣ ಖೋಲಿಯ ಮೂರು ಗೋಡೆಗಳು ತಮ್ಮ ಹಳೆಯ ಹುದ್ದೆಗೆ ಮರಳಿದ ಸಂಜೆ, ನಾಲ್ಕನೆಯದು ಮತ್ತೆ ಕಾಣಿಸಿತು. ಆಕೆ ಕುರ್ಚಿಯನ್ನು ಒರೆಸಿ ಅದರ ಎದುರಿಗೆ ಇಟ್ಟಳು.

ಬೆಳಿಗ್ಗೆ ಆಕೆ ಅಲ್ಲಿ ಚಹಾ ಹಿಡಿದು ಕೂತಿದ್ದಾಗ ಪಕ್ಕದ ಮನೆಯವರ ಹೆಂಡತಿ ಹೊಸ ಬಣ್ಣ ನೋಡಲು ಬಂದರು. ಪಡಸಾಲೆ ನೋಡಿ, ಅಡುಗೆಮನೆ ನೋಡಿ, ಸಣ್ಣ ಖೋಲಿಗೆ ಬಂದು ಥಟ್ಟನೆ ನಿಂತರು.

“ಅಯ್ಯ, ಅಕ್ಕಾರ, ಇದೊಂದ ಹಂಗ ಉಳೀತಲ್ರಿ! ಬಣ್ಣ ಕಡಿಮಿ ಬಿತ್ತೇನು?”

ಬಣ್ಣ ಕಡಿಮೆ ಬೀಳುವುದು! ನಮ್ಮ ಮನೆಯಲ್ಲಿ! ಬಾಗಿಲ ಪಕ್ಕ ಕೂತಿದ್ದ ನಾನು ಪೇಪರು ಕೆಳಗಿಟ್ಟು ಎದ್ದೆ. ಬಾಯಿ ತೆರೆದೂ ಆಗಿತ್ತು. ಹೆಂಡತಿ ಕುರ್ಚಿಯಲ್ಲೇ ಹೊರಳಿ ನನ್ನ ಕಡೆಗೆ ಒಂದು ಸಲ ನೋಡಿದಳು. ನಾನು ಕೂತೆ.

“ಹೂನ್ರಿ, ಕಡಿಮಿ ಬಿತ್ತು” ಎಂದು ಆಕೆ ಬಹಳ ಸಂತೋಷದಿಂದ ಒಪ್ಪಿಕೊಂಡು, ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಗೋಡೆಯ ಕಡೆಗೆ ತಿರುಗಿದಳು.