ನಾಗವ್ವನ ಅತ್ತಿಮರ

ನಾಗವ್ವ ಕಸಬರಿಗೆ ಹಿಡಿಯುವ ಮುನ್ನ ಬಗ್ಗಿ, ಎರಡೂ ಅಂಗೈಗಳಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ದಹಿಸರ್‌ನ ನಮ್ಮ ಬಿಲ್ಡಿಂಗಿನ ಅಂಗಳವೆಲ್ಲ ಸಿಮೆಂಟು. ನಾನು ಹಾಗೆಂದು ಹೇಳಿದರೆ, "ಅದರ ಬುಡಕ ಭೂಮಿತಾಯಿ ಅದಾಳಲ್ರೀ" ಎನ್ನುತ್ತಿದ್ದಳು. ಬಾಗಲಕೋಟೆ ಕಡೆಯವಳು. ಗಂಡನೊಂದಿಗೆ ಈ ಮಹಾನಗರಕ್ಕೆ ಕಟ್ಟಡದ ಕೆಲಸಕ್ಕೆ ಬಂದು, ಸೊಂಟನೋವು ಶುರುವಾದ ಮೇಲೆ ನಮ್ಮಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದಳು.

ಕಾಂಪೌಂಡಿನ ಮೂಲೆಯಲ್ಲಿ ಒಂದು ಅತ್ತಿಮರವಿತ್ತು. ಕೆಲಸ ಮುಗಿಸಿ ಅದರ ಬುಡಕ್ಕೆ ಒಂದು ಚೊಂಬು ನೀರು, ಅಲ್ಲಿನ ಇರುವೆಗಳಿಗೆ ಚಿಟಿಕೆ ಹಿಟ್ಟು ಹಾಕುವುದು ಅವಳ ಪೂಜೆ. ಒಮ್ಮೆ ನಾನು ಹಬ್ಬಕ್ಕೆಂದು ಚಿಗುರು ಮುರಿಯುವಾಗ ತಡೆದಳು.

"ಕೇಳಿ ತಗೋರಿ ಅಕ್ಕಾರ. ಬಾಗಲಾ ಬಡೀಲಾರದ ನಿಮ್ಮ ಮನಿಯಾಗ ಯಾರರ ಹೊಕ್ಕರ ನಿಮಗ ಹೆಂಗ ಅನಸ್ತೈತಿ?"

ನಾನು ಫೋರ್ಟ್‌ನ ಬ್ಯಾಂಕೊಂದರಲ್ಲಿ ಆಫೀಸರ್ ಆಗಿ ನಿವೃತ್ತಳಾದವಳು. ಮರದ ಮುಂದೆ ನಿಂತು ಅಪ್ಪಣೆ ಕೇಳುವುದೆಂದರೆ ನಗು ಬಂತು.

ಮರುವರ್ಷ ನನ್ನವರು ತೀರಿಕೊಂಡರು. ಮನೆಯೊಳಗೆ ಕೂರಲಾಗದೆ ಅಂಗಳದಲ್ಲಿ ಸುತ್ತುತ್ತಿದ್ದಾಗ ನಾಗವ್ವ ನನ್ನ ಕೈ ಹಿಡಿದು ಕರೆದೊಯ್ದು ಅಂಗೈಯನ್ನು ಮರದ ಮೈಮೇಲೆ ಇಟ್ಟಳು.

"ಏನೂ ಬೇಡಬ್ಯಾಡ್ರಿ. ಬಂದೀನಿ ಅನ್ರಿ, ಸಾಕು."

ತೊಗಟೆ ಒರಟಾಗಿ, ತಣ್ಣಗಿತ್ತು. ಎಷ್ಟೋ ದಿನಗಳ ಮೇಲೆ ಅಂದು ಗಟ್ಟಿಯಾಗಿ ಅತ್ತೆ. ಅವಳು ಸಮಾಧಾನ ಹೇಳಲಿಲ್ಲ. ಬೆನ್ನು ತಿರುಗಿಸಿ ನಿಂತು, ದಾರಿಯಲ್ಲಿ ಹೋಗುವವರಿಗೆ ನಾನು ಕಾಣದಂತೆ ಅಡ್ಡವಾದಳು.

ಆಮೇಲೆ ನಾನೂ ದಿನಾ ಹೋಗತೊಡಗಿದೆ. ಚಿಟಿಕೆ ಹಿಟ್ಟು ಸಾಲದೆನಿಸಿ ಕಾಗೆ, ಅಳಿಲುಗಳಿಗೆಂದು ಬಟ್ಟಲು ತುಂಬ ಅನ್ನ ಇಡುತ್ತಿದ್ದೆ. "ಇಷ್ಟ್ಯಾಕ್ರಿ? ಉಳೀತಂದ್ರ ಹೊಲಸ ಆಗತೈತಿ" ಎಂದು ಅವಳು ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ. ಇಲಿಗಳು ಬಂದವು, ಕಾರುಗಳ ವೈರು ಕಡಿದವು.

ನಮ್ಮ ಬಿಲ್ಡಿಂಗಿನ ಸೊಸೈಟಿಯ ಮೀಟಿಂಗಿನಲ್ಲಿ, ಮರದ ಕೆಳಗೆ ಅನ್ನ ಹಾಕುವವರು ಯಾರೆಂದು ಚೇರ್ಮನ್ ಕೇಳಿದರು, "ಝಾಡ್ ಕೆ ನೀಚೆ ಖಾನಾ ಕೌನ್ ಡಾಲ್ತಾ ಹೈ?"

ನಾಗವ್ವ ಬಾಗಿಲ ಬಳಿ ಕುರ್ಚಿ ಒರೆಸುತ್ತಿದ್ದಳು. ನಾನು ಕಮಿಟಿಯವರ ಸಾಲಿನಲ್ಲಿ ಕೂತಿದ್ದೆ. ಓದಿದವಳು, ಆಫೀಸರ್ ಆಗಿದ್ದವಳು ಮರಕ್ಕೆ ಕೈ ಮುಗಿದು ಇಲಿಗಳಿಗೆ ಅನ್ನ ಹಾಕಿದಳೆಂದು ಇವರೆಲ್ಲ ನಗುತ್ತಾರಲ್ಲ ಎನ್ನಿಸಿತು. "ನಾಗವ್ವನ ಪೂಜೆ ಅದು" ಎಂದುಬಿಟ್ಟೆ, ಹಿಂದಿಯಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ.

ಅವಳು ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಚೇರ್ಮನ್ನರ ಕಡೆ ತಿರುಗಿ, "ಹಾಂ ಸಾಬ್, ಮೈನೇ ಡಾಲಾ" ಎಂದಳು, ಹಾಕಿದ್ದು ತಾನೇ ಎಂದು.

ಮರುದಿನದಿಂದ ಕೆಲಸಕ್ಕೆ ಬರಬೇಡ ಎಂದು ಚೇರ್ಮನ್ ಅವಳಿಗೆ ಹೇಳಿದರು. ಬಾಯಿ ತೆರೆಯಲು ಆಗಲೂ ನನಗೆ ಸಮಯವಿತ್ತು. ನೀರಿನ ಲೋಟ ಎತ್ತಿಕೊಂಡು ಕುಡಿದೆ.

ಎಂಟು ತಿಂಗಳ ಮೇಲೆ ಬೊರಿವಲಿಯಲ್ಲಿ ಒಂದು ಬಿಲ್ಡಿಂಗಿನ ಗೇಟಿನಲ್ಲಿ ಅವಳು ಗುಡಿಸುತ್ತಿರುವುದು ಕಂಡಿತು. ಓಡಿದಂತೆಯೇ ಹೋದೆ. ಹೇಳಬೇಕಾದ ಮಾತು ಎಷ್ಟೋ ದಿನದಿಂದ ಬಾಯಲ್ಲೇ ಇತ್ತು. ಎದುರು ನಿಂತಾಗ "ನಾಗವ್ವಾ" ಎನ್ನುವುದಕ್ಕಿಂತ ಮುಂದೆ ಬರಲಿಲ್ಲ.

ಅವಳು ತಲೆಯೆತ್ತಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಪರಿಚಯದ ಗುರುತೂ ಇರಲಿಲ್ಲ.

"ಮೇಡಂ, ಸ್ವಲ್ಪ ಸರೀರಿ. ಸೀರಿಗೆ ಧೂಳ ಹತ್ತತೈತಿ."

ನಾನು ಸರಿದು ನಿಂತೆ.